ಮೊಣಕೈ ಮಹಾತ್ಮೆ

"ಇವತ್ತಿನಿಂದ ನಮ್ಮ ವಂಶದಲ್ಲಿ ಒಬ್ಬರೂ ಸುಳ್ಳು ಸುದ್ದಿ ನಂಬಬಾರದು. ಹಾಗೆ ಮಾಡ್ತೀನಿ, ನೋಡ್ತಿರು!"

ಭಾನುವಾರ ಬೆಳಿಗ್ಗೆ ಬಾಯಿತುಂಬ ಪೇಸ್ಟ್ ನೊರೆ ಇಟ್ಟುಕೊಂಡೇ ಅರೆಡಾಕ್ಟರು ಘೋಷಿಸಿದರು. ಅಂತರ್ಜಾಲದಲ್ಲಿ ವದಂತಿ ಹೇಗೆ ಹರಡುತ್ತದೆ ಎಂಬ ವಿಷಯದ ಮೇಲೆ ಏಳು ವರ್ಷದಿಂದ ಪಿಎಚ್.ಡಿ. ಮಾಡುತ್ತಿರುವ ಈ ಮಹಾಶಯರಿಗೆ ಆ ಹೆಸರಿಟ್ಟವಳು ಹೆಂಡತಿ. ಪೂರ್ತಿ ಡಾಕ್ಟರಾದ ದಿನ 'ಅರೆ'ಯನ್ನು ಕಿತ್ತುಹಾಕುತ್ತೇನೆಂದು ಮಾತೂ ಕೊಟ್ಟಿದ್ದಳು. ಆದರೆ ಕೊನೆಯ ಅಧ್ಯಾಯ ಗೈಡ್ ಮೇಡಂ ಮೇಜಿನ ಮೇಲೆ ಎಂಟು ತಿಂಗಳಿಂದ ಬಿದ್ದಿತ್ತು. ಬರುವ ಶುಕ್ರವಾರದೊಳಗೆ ಅವರು ಓದಿ ಸಹಿ ಹಾಕದಿದ್ದರೆ ನೋಂದಣಿಯೇ ರದ್ದು. ಏಳು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ!

"ಅದು ಹೇಗೆ ಮಾಡ್ತೀರೋ?" ಆಸ್ಪತ್ರೆಯ ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ಹೆಂಡತಿ ಕೇಳಿದಳು.

"ಚುಚ್ಚುಮದ್ದಿನ ತತ್ವ ಕಣೇ! ಒಂದು ಪುಟ್ಟ ಸುಳ್ಳು ನಾನೇ ಹಾಕ್ತೀನಿ. ಎಲ್ಲರೂ ನಂಬ್ತಾರೆ. ಸಂಜೆ ನಿಜ ಹೇಳ್ತೀನಿ. ನಾಚಿಕೆಯಾಗಿ ಈ ಜನ್ಮದಲ್ಲಿ ಇನ್ನೊಂದು ಸುಳ್ಳು ನಂಬಲ್ಲ."

"ಚುಚ್ಚೋ ಕೆಲಸ ಗೊತ್ತಿರೋರಿಗೆ ಬಿಡ್ರೀ."

ಬಿಟ್ಟಾರೆಯೇ! ಕುಟುಂಬದ ವಾಟ್ಸಾಪ್ ಗುಂಪಿಗೆ ನಾಲ್ಕೇ ವಾಕ್ಯ ಬಿಟ್ಟರು: 'ಓದಲು ಕೂರುವ ಮುನ್ನ ಎರಡೂ ಮೊಣಕೈ ತಣ್ಣೀರಿನಲ್ಲಿ ನೆನೆಸಿ. ಒರೆಸಬೇಡಿ. ಓದಿದ್ದೆಲ್ಲ ತಲೆಯಲ್ಲಿ ನಿಲ್ಲುತ್ತದೆ. ನಿಮ್ಮವರಿಗೂ ತಿಳಿಸಿ.'

ಮಧ್ಯಾಹ್ನದೊಳಗೆ ಅಮ್ಮ ಓದುತ್ತಿದ್ದ ದಿನಪತ್ರಿಕೆ ಒದ್ದೆ. ದೊಡ್ಡಪ್ಪ ಕೈಮುಗಿಯುವ ಚಿತ್ರ ಒಂಬತ್ತು ಹಾಕಿದರು. ಸಂಜೆ ಅರೆಡಾಕ್ಟರು ವಿಜಯದ ನಗೆ ಬೀರುತ್ತ, ಹನ್ನೊಂದು ಅಡಿಟಿಪ್ಪಣಿ ಸಮೇತ ಮೂರು ಪುಟದ ಸತ್ಯವನ್ನು ಬಿಡುಗಡೆ ಮಾಡಿದರು. ಗುಂಪು ಗಪ್‌ಚುಪ್! ಚಿಕ್ಕಮ್ಮ ಮಾತ್ರ ಫೋನ್ ಮಾಡಿದರು.

"ಅದೇನೋ ಉದ್ದಕ್ಕೆ ಹಾಕಿದೀಯಲ್ಲ, ಏನಪ್ಪಾ ಅದು?"

"ಮೊಣಕೈ ಮೆಸೇಜ್ ಸುಳ್ಳು ಚಿಕ್ಕಮ್ಮ. ನಾನೇ ಬರೆದಿದ್ದು."

"ಹೋಗೋ! ಬೆಳಿಗ್ಗೆಯಿಂದ ಕನ್ನಡಕ ಎಲ್ಲಿಟ್ಟೆ ಅಂತ ಒಂದು ಸಲಾನೂ ಹುಡುಕಿಲ್ಲ ನಾನು. ಬೇರೆಯವರ ಸಂಶೋಧನೆ ಮುಗಿದರೆ ನಿನಗೆ ಹೊಟ್ಟೆಕಿಚ್ಚು!"

ಹೆಂಡತಿ ನಕ್ಕು ನಕ್ಕು ಸುಸ್ತಾದಳು. "ಸುಳ್ಳು ನಾಲ್ಕು ಸಾಲು, ನಿಜ ಮೂರು ಪುಟ. ಯಾರು ಓದ್ತಾರೆ ರೀ?"

ಸೋಮವಾರ ಅದೇ ಸಂದೇಶ ಕ್ಷೌರದಂಗಡಿಯವನ ಫೋನಿನಲ್ಲಿತ್ತು. ಬುಧವಾರ ವಿಶ್ವವಿದ್ಯಾಲಯದ ಅವರ ವಿಭಾಗದ ಗುಂಪಿಗೂ ಬಂತು. 'ಎಲ್ಲ ಸಂಶೋಧನಾ ವಿದ್ಯಾರ್ಥಿಗಳೂ ತಪ್ಪದೆ ಪಾಲಿಸಿ' ಎಂಬ ಒಕ್ಕಣೆಯೊಂದಿಗೆ. ಕಳಿಸಿದವರು ಸಾಕ್ಷಾತ್ ಗೈಡ್ ಮೇಡಂ!

ಅರೆಡಾಕ್ಟರು ಫೋನನ್ನು ಬೋರಲು ಹಾಕಿದರು. ಅನುಮತಿಯಿಲ್ಲದೆ ಜನರ ಮೇಲೆ ಪ್ರಯೋಗ ಮಾಡುವುದು ಅವರ ವಿಭಾಗದಲ್ಲಿ ಮಹಾಪರಾಧ. ವದಂತಿಯ ಮೂಲಪುರುಷ ಯಾರೆಂದು ತಿಳಿದರೆ ಸಹಿ ಇರಲಿ, ಕೂರಲು ಕುರ್ಚಿಯೂ ಸಿಗುವುದಿಲ್ಲ.

"ಹೇಳಿಬಿಡಿ," ಎಂದಳು ಹೆಂಡತಿ.

"ಹೇಳಿದರೆ ಎಲ್ಲಾ ಹೋಯ್ತಲ್ಲೇ!"

"ಮುಚ್ಚಿಟ್ಟು ಡಾಕ್ಟರಾದರೆ, ನಿಮ್ಮನ್ನ ಡಾಕ್ಟ್ರೇ ಅಂತ ಕರೆಯೋಕೆ ನನಗೆ ಬಾಯಿ ಬರಲ್ಲ ರೀ."

ಅವಳು ಈ ಸಲ ನಗುತ್ತಿರಲಿಲ್ಲ. ಏಳು ವರ್ಷ ಮನೆ ನಡೆಸಿದವಳ ಬಾಯಿಂದ ಆ ಒಂದು ಮಾತು ಕೇಳಬೇಕೆಂದೇ ಅವರು ಇಷ್ಟು ಒದ್ದಾಡಿದ್ದು. ಅದಕ್ಕೇ ಅವರ ಕಣ್ಣು ತುಂಬಿಬಂತು.

ಶುಕ್ರವಾರ ಮೇಡಂ ಕೊಠಡಿಗೆ ಹೋದರೆ, ಅವರ ಎರಡೂ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಅಂಚು ನೆನೆದ ಅಧ್ಯಾಯ.

"ಬನ್ನಿ, ಬನ್ನಿ! ಒಂದೇ ಪಟ್ಟಿಗೆ ಕೂತು ಓದಿ ಮುಗಿಸಿದೆ. ಈ ನೀರಿನ ಮಹಿಮೆ ನೋಡಿ!"

"ಮೇಡಂ..." ಅರೆಡಾಕ್ಟರು ಕಣ್ಣುಮುಚ್ಚಿ ಒಂದೇ ಉಸಿರಿಗೆ ಒಪ್ಪಿಸಿದರು. "ಅದು ಸುಳ್ಳು. ಬರೆದಿದ್ದು ನಾನು. ಯಾರ ಅನುಮತಿಯನ್ನೂ ಕೇಳಲಿಲ್ಲ. ನನ್ನದು ತಪ್ಪಾಯ್ತು!"

ಮೇಡಂ ಅರೆಡಾಕ್ಟರನ್ನೇ ದಿಟ್ಟಿಸಿದರು. ಆಮೇಲೆ ಮೇಜು ಅಲುಗಾಡುವಂತೆ ನಕ್ಕರು. ನಗುತ್ತಲೇ ಪೆನ್ನು ತೆಗೆದು ಸಹಿ ಹಾಕಿ, ಅಧ್ಯಾಯವನ್ನು ಅವರತ್ತ ತಳ್ಳಿದರು.

"ನಿಮ್ಮ ಮೊದಲ ವಾಕ್ಯ ದಾಟೋಕೇ ನನಗೆ ಎಂಟು ತಿಂಗಳು ಬೇಕಾಯ್ತು. ಆ ಮೆಸೇಜು ಒಂದೇ ಸಲಕ್ಕೆ ಅರ್ಥವಾಯ್ತು. ಅದನ್ನ ನೀವು ಬರೆದದ್ದಂತೆ! ಇಂಥ ಸುಳ್ಳನ್ನೆಲ್ಲ ನಾನು ನಂಬ್ತೀನಾ?"