ಅಡುಗೆಮನೆಯ ಹೈಕೋರ್ಟು

ಪರದೇಶದಲ್ಲಿ ಕೂತು ಪರದೇಶದ ಕಾನೂನನ್ನೇ ನಿಷೇಧಿಸಿದವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು, ಅವರ ಆಳ್ವಿಕೆಯಲ್ಲಿ ಪ್ರಜೆಯಾಗಿ ಬಾಳಿದ್ದೇನೆ!

ದುಬೈನ ಸತ್ವಾದಲ್ಲಿ ಒಂದು ಹಳೆಯ ವಿಲ್ಲಾ. ಅದರ ಹಿಂಭಾಗವನ್ನು ನಾವೆಲ್ಲ 'ಅಕ್ಕ' ಎಂದು ಕರೆಯುತ್ತಿದ್ದವರು ಬಾಡಿಗೆಗೆ ಹಿಡಿದಿದ್ದರು. ಕೆಲಸಕ್ಕೆಂದು ಬಂದ ನಾವು ಹೆಣ್ಣುಮಕ್ಕಳು ಅಲ್ಲಿ ಒಂದೊಂದು ಮಂಚದ ಒಡತಿಯರು. ಬಂಟ್ವಾಳದ ಕಡೆಯವರಾದ ಅಕ್ಕನಿಗೆ ವಕೀಲರೊಬ್ಬರ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ. ಎತ್ತಿ ಎತ್ತಿಯೇ ಮುಕ್ಕಾಲು ವಕೀಲರಾಗಿದ್ದರು. ಉಳಿದ ಕಾಲು ಭಾಗ ನ್ಯಾಯಾಧೀಶರು! ಅವರ ಮನೆಯ ಅತಿ ಕಠಿಣ ಕಾನೂನೆಂದರೆ, ಕೆಲಸ ಕಳೆದುಕೊಂಡವಳು ತಿಂಗಳ ಕೊನೆಗೆ ಮಂಚ ಬಿಡಬೇಕು. ಬಾಡಿಗೆ ಎಲ್ಲರೂ ಸೇರಿ ಕಟ್ಟಬೇಕಲ್ಲ! ನೈಫ್‌ನ ಬಜಾರಿನ ಬಟ್ಟೆ ಸಗಟು ಅಂಗಡಿಯಲ್ಲಿದ್ದ ನನ್ನ ಕೆಲಸವೋ, ಇವತ್ತಿದ್ದರೆ ನಾಳೆ ಇಲ್ಲ ಎನ್ನುವಂಥದ್ದು. ಆ ಕಾನೂನು ನೆನಪಾದಾಗಲೆಲ್ಲ ಪರ್ಸು ತೆಗೆದು ಇದ್ದಬದ್ದ ದುಡ್ಡು ಎಣಿಸುತ್ತಿದ್ದೆ.

ಒಂದು ಸಂಜೆ ಅಕ್ಕ ಕಚೇರಿಯಿಂದ ಹೊಸ ಸುದ್ದಿ ತಂದರು. ಅಮೆರಿಕದ ಕೆಲವು ರಾಜ್ಯಗಳಲ್ಲಿ ಕೋರ್ಟುಗಳು ಹೊರದೇಶದ ಕಾನೂನನ್ನು ನೋಡಿ ತೀರ್ಪು ಕೊಡಬಾರದೆಂದು ನಿರ್ಬಂಧ ತರುತ್ತಿದ್ದಾರಂತೆ. ಚಪ್ಪಲಿ ಬಿಡುವ ಮೊದಲೇ ಘೋಷಣೆ ಹೊರಟಿತು: "ಇನ್ನು ಈ ಮನೆಯಲ್ಲಿ ಯಾರೂ ಊರಿನ ಕಾನೂನು ಹೇಳ್ಲಿಕ್ಕಿಲ್ಲ. ನಮ್ಮಲ್ಲಿ ಹಾಗೆ, ನಮ್ಮಲ್ಲಿ ಹೀಗೆ, ಎಲ್ಲ ಖಲಾಸ್!"

"ಅಕ್ಕಾ, ಈ ನಿಯಮಾನೇ ಅಮೆರಿಕದಿಂದ ಬಂದಿದ್ದಲ್ವಾ?" ಎಂದೆ.

"ನಿನ್ನ ಅಪೀಲು ವಜಾ," ಎಂದು ಮುಖ ತೊಳೆಯಲು ಹೋದರು.

ಮರುದಿನದಿಂದಲೇ ವಿಚಾರಣೆ ಶುರು. ಹೋಟೆಲಿನಲ್ಲಿ ಕೆಲಸಕ್ಕಿದ್ದ ಹುಬ್ಬಳ್ಳಿಯ ಹುಡುಗಿ ಬಚ್ಚಲಿನ ಬಾಗಿಲಲ್ಲಿ ನಿಂತು, "ನಮ್ಮನ್ಯಾಗ ಮೊದಲ ಎದ್ದಾಕಿನ ಮೊದಲ ಜಳಕಾ ಮಾಡ್ತಾಳ್ರಿ ಅಕ್ಕಾ," ಎಂದು ವಾದಿಸಿದಳು. ತೀರ್ಪು: "ಅದು ಹೊರದೇಶದ ಕಾನೂನು. ಇಲ್ಲಿ ಯಾರ ಬಸ್ಸು ಮೊದಲೋ ಅವಳ ಸ್ನಾನ ಮೊದಲು." ಅಕ್ಕನ ಬಸ್ಸೇ ಎಲ್ಲರಿಗಿಂತ ಮೊದಲು ಎಂಬುದು ಬರೀ ಕಾಕತಾಳೀಯವಂತೆ!

ನನ್ನ ಮೊಕದ್ದಮೆ ಒಣಮೀನಿನದ್ದು. ಮೀನು ತಿನ್ನದ ನಾನು ಮೂಗಿಗೆ ದುಪಟ್ಟಾ ಒತ್ತಿಕೊಂಡು ಹೇಳಿದೆ: "ಅಕ್ಕಾ, ನಮ್ಮ ಮೈಸೂರಲ್ಲಿ ಅಕ್ಕಪಕ್ಕದವರನ್ನ ಒಂದು ಮಾತು ಕೇಳಿ ಹುರೀತಾರೆ."

"ಮೈಸೂರು ಯಾವ ಎಮಿರೇಟ್‌ನಲ್ಲಿ ಉಂಟು?" ಎಂದರು ನ್ಯಾಯಾಧೀಶರು. ಈ ದೇಶದ ಏಳು ಪ್ರಾಂತ್ಯಗಳಲ್ಲಿ ಮೈಸೂರು ಎಲ್ಲಿಂದ ಬರಬೇಕು! ಸೌಟು ಅವರ ಕೈಯಲ್ಲೇ ಇತ್ತು, ಮೀನೂ ಅವರದ್ದೇ. ಇಂಥ ಕೋರ್ಟಿನಲ್ಲಿ ಯಾರಿಗೆ ನ್ಯಾಯ ಸಿಕ್ಕೀತು!

ಕೊನೆಗೂ ನಾನು ಹೆದರಿದ್ದೇ ಆಯಿತು. ನೈಫ್‌ನ ಅಂಗಡಿ ಬಾಗಿಲು ಹಾಕಿತು. ಬೇರೆ ಕೆಲಸ ಸಿಗದೆ ತಿಂಗಳು ಮುಗಿಯಿತು. ಆ ಶುಕ್ರವಾರ ಸಂಜೆ ನನ್ನ ಮಂಚಕ್ಕೆಂದು ಗೊತ್ತಾಗಿದ್ದ ಹೊಸ ಹುಡುಗಿ ಸೂಟ್‌ಕೇಸ್ ಎಳೆದುಕೊಂಡು ಬಂದೇಬಿಟ್ಟಳು. ನನ್ನ ಬ್ಯಾಗೂ ತುಂಬಿ ನಿಂತಿತ್ತು. ಹೋಗುವುದು ಎಲ್ಲಿಗೆಂದು ಮಾತ್ರ ಗೊತ್ತಿರಲಿಲ್ಲ.

"ಕಾನೂನು ಕಾನೂನೇ ಅಕ್ಕಾ, ಬರ್ತೀನಿ," ಎಂದೆ.

ಅಕ್ಕ ಈರುಳ್ಳಿ ಹೆಚ್ಚುತ್ತಿದ್ದರು. ತಲೆ ಎತ್ತಲಿಲ್ಲ. "ಕೂತ್ಕೋ ಮಾರಾಯ್ತಿ. ನಮ್ಮ ಅಮ್ಮನ ಮನೆಯಲ್ಲಿ ಒಂದು ಕಾನೂನು ಉಂಟು. ಕೆಲಸ ಇಲ್ಲದ ಹುಡುಗಿಯನ್ನು ಸಂಜೆ ಹೊರಗೆ ಕಳಿಸುದಿಲ್ಲ. ಬೆಳಿಗ್ಗೆಯೂ ಕಳಿಸುದಿಲ್ಲ."

ಹುಬ್ಬಳ್ಳಿಯವಳು ಬಿಡುತ್ತಾಳೆಯೇ? "ಅಕ್ಕಾ, ಅದು ಹೊರದೇಶದ ಕಾನೂನಲ್ಲೇನ್ರಿ?"

"ಹೌದು. ಇವತ್ತೊಂದು ದಿನ ನಡೀತದೆ," ಎಂದು ಅಕ್ಕ ಕಣ್ಣೊರೆಸಿಕೊಂಡರು. ಈರುಳ್ಳಿ ಖಾರವಿತ್ತಂತೆ.

ಆ 'ಇವತ್ತೊಂದು ದಿನ' ನನಗೆ ಅಬುಧಾಬಿಯಲ್ಲಿ ಕೆಲಸ ಸಿಗುವವರೆಗೂ ನಡೆಯಿತು. ಇಂದು ನಾನು ಈ ದೇಶದಲ್ಲಿ ಬೇರೂರಿ ನಿಂತಿದ್ದರೆ ಅದು ಅಕ್ಕ ಮುರಿದ ಆ ಒಂದು ಕಾನೂನಿನಿಂದ. ಅವರ ಋಣ ನನ್ನಿಂದ ತೀರುವಂಥದ್ದಲ್ಲ.

ಆದರೆ ಆ ಸಂಜೆ ನನ್ನ ಮಂಚ ನನಗೇ ಉಳಿದಾಗ ಹೊಸ ಹುಡುಗಿ ಮಲಗುವುದೆಲ್ಲಿ? ಅಕ್ಕ ತಮ್ಮ ಮಂಚಕ್ಕೆ ಹೊಸ ಚಾದರ ಹೊದಿಸಿ ಅವಳಿಗೆ ತೋರಿಸಿದರು. ಆಮೇಲೆ ಅಡುಗೆಮನೆಗೆ ಬಂದು ಫ್ರಿಜ್ಜಿನ ಪಕ್ಕ ತಮಗೊಂದು ಚಾಪೆ ಬಿಡಿಸತೊಡಗಿದರು.

ನಾನು ಓಡಿ ಹೋಗಿ ಕೈ ಹಿಡಿದೆ. "ಬೇಡ ಅಕ್ಕಾ! ನಮ್ಮ ಮೈಸೂರಲ್ಲಿ ದೊಡ್ಡವರನ್ನ ನೆಲದ ಮೇಲೆ ಮಲಗಿಸಿ ಚಿಕ್ಕವರು ಮಂಚದಲ್ಲಿ ಮಲಗಲ್ಲ."

ಅಕ್ಕ ಚಾಪೆಯ ಮಡಿಕೆ ಸವರುತ್ತಾ ಕೇಳಿದರು: "ಮೈಸೂರು ಯಾವ ಎಮಿರೇಟ್‌ನಲ್ಲಿ ಉಂಟು?"