ಒಂದಿಂಚೂ ಅಲ್ಲಾಡದ ಸೀಟು

ನಮಗೊಂದು ವಿದ್ಯೆ ಗೊತ್ತಿದೆ ಅಂತ ನಾಲ್ಕು ಜನಕ್ಕೆ ತಿಳಿದರೆ ಸಾಕು, ಪ್ರಸಂಗಗಳು ತಾವಾಗಿ ಮನೆ ಹುಡುಕಿಕೊಂಡು ಬರುತ್ತವೆ. ನನಗೆ ಗೊತ್ತಿದ್ದ ವಿದ್ಯೆ ಎಳೆಮಕ್ಕಳ ಕಾರ್ ಸೀಟು ಕೂರಿಸುವುದು. ವಾರೆನ್ ಎಂಬ ಊರಿನ ಹತ್ತಿರ ಸೀಟ್ ಬೆಲ್ಟ್ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದಾಗ ಅದರ ಟ್ರೈನಿಂಗ್ ಕೊಡಿಸಿದ್ದರು. ರಿಸೆಷನ್ ಬಂದು ಕೆಲಸ ಹೋಯಿತು, ವಿದ್ಯೆ ಉಳಿಯಿತು.

ಆಗ ಹೆಂಡತಿಗೆ ಏಳು ತಿಂಗಳು. ಬಾಣಂತನಕ್ಕೆ ಅಂತ ಅತ್ತೆ ಮೈಸೂರಿನಿಂದ ಮುಂಚಿತವಾಗಿಯೇ ಬಂದಿಳಿದಿದ್ದರು. "ಅಮ್ಮಂಗೆ ಬಿಪಿ ಇದೆ. ಹೆರಿಗೆ ಆಗೋವರೆಗೂ ಕೆಲಸದ ವಿಷಯ ಬಾಯಿ ಬಿಡಬೇಡಿ" ಎಂದು ಹೆಂಡತಿಯ ಅಪ್ಪಣೆ. ಹೀಗಾಗಿ ದಿನಾ ಬೆಳಗ್ಗೆ ಇಸ್ತ್ರಿ ಪ್ಯಾಂಟು ಹಾಕಿ, ಅತ್ತೆ ಕಟ್ಟಿಕೊಟ್ಟ ಡಬ್ಬಿ ಹಿಡಿದು 'ಆಫೀಸಿಗೆ' ಹೊರಡುತ್ತಿದ್ದೆ. ಲೈಬ್ರರಿಯಲ್ಲಿ ಕೂತು ಕೆಲಸಕ್ಕೆ ಅಪ್ಲೈ ಮಾಡುತ್ತಿದ್ದೆ, ಯಾರಾದರೂ ಕರೆದರೆ ಹೋಗಿ ಸೀಟು ಕೂರಿಸಿಕೊಡುತ್ತಿದ್ದೆ. ಎಲ್ಲಿ ಸಿಕ್ಕಿಬೀಳುತ್ತೇನೋ ಎಂಬ ಭಯ ಮಾತ್ರ ಇಪ್ಪತ್ನಾಲ್ಕು ಗಂಟೆಯೂ ಇತ್ತು.

ಕಾಲ ಕೆಟ್ಟಿತ್ತು. ದೊಡ್ಡ ವ್ಯಾನು ಮಾರಿ ಬಹಳ ಜನ ಸಣ್ಣ ಕಾರಿಗೆ ಇಳಿದಿದ್ದರು. ಎಳೆಮಗುವಿನ ಸೀಟನ್ನೋ ಕಾರಿನ ಹಿಂಭಾಗಕ್ಕೆ ಮುಖ ಮಾಡಿಯೇ ಕೂರಿಸಬೇಕು. ಸಣ್ಣ ಕಾರಿನಲ್ಲಿ ಅದು ಮುಂದಿನ ಸೀಟನ್ನು ಡ್ಯಾಶ್‌ಬೋರ್ಡಿನವರೆಗೆ ನೂಕುತ್ತದೆ. ಮೊಣಕಾಲೂರಿ, ಮೈಭಾರವೆಲ್ಲ ಬಿಟ್ಟು ಬೆಲ್ಟ್ ಎಳೆಯಬೇಕು. ಆಮೇಲೆ ಅಲ್ಲಾಡಿಸಿದರೆ ಒಂದಿಂಚಿಗಿಂತ ಹೆಚ್ಚು ಸರಿಯಬಾರದು. ಇಷ್ಟೇ ಶಾಸ್ತ್ರ.

ಅಕ್ಕಿ ಮಗು

ರಾಚೆಸ್ಟರ್ ಹಿಲ್ಸ್‌ನ ಒಂದು ಮನೆ. ಚೊಚ್ಚಲ ಹೆರಿಗೆಗೆ ಇನ್ನೂ ಒಂದು ತಿಂಗಳಿತ್ತು. ಗಂಡ ಬಲು ಶಿಸ್ತಿನ ಮನುಷ್ಯ. ಪ್ರಾಕ್ಟೀಸ್ ಆಗಲಿ ಅಂತ ಸೀಟಿನಲ್ಲಿ ಹತ್ತು ಪೌಂಡಿನ ಸೋನಾ ಮಸೂರಿ ಚೀಲ ಕೂರಿಸಿ, ಬೆಲ್ಟ್ ಬಿಗಿದು, ತಲೆಗೊಂದು ಕುಲಾವಿಯನ್ನೂ ಹಾಕಿದ್ದ. ಬ್ಲಾಕ್ ಸುತ್ತ ಒಂದು ರೌಂಡ್ ನಿಧಾನಕ್ಕೆ ಡ್ರೈವ್ ಮಾಡಿದೆವು. ತಿರುವಿನಲ್ಲೆಲ್ಲ "ಕುತ್ತಿಗೆ ವಾಲಿಲ್ಲ ತಾನೇ?" ಎಂದು ನನ್ನನ್ನು ಕೇಳುತ್ತಿದ್ದ. ವಾಪಸ್ ಬಂದಾಗ ಅವನ ಹೆಂಡತಿ ಬಾಗಿಲಲ್ಲಿ ಕಾಯುತ್ತಿದ್ದಳು.

"ಆಯ್ತಾ? ಮಗೂನ ಒಳಗೆ ಕರ್ಕೊಂಡು ಬನ್ನಿ, ಅನ್ನಕ್ಕಿಡಬೇಕು."

ಆರಡಿ ಅಪ್ಪ

ಹುಬ್ಬಳ್ಳಿಯವರೊಬ್ಬರು, ಆರಡಿ ಮೇಲೆ ಎರಡಿಂಚು. ಮಗುವಿನ ಸೀಟನ್ನು ಡ್ರೈವರ್ ಹಿಂದೆ ತಾವೇ ಕೂರಿಸಿ, ಸ್ಟಿಯರಿಂಗನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕೂತಿದ್ದರು.

"ಏನ್ರೀ, ಕೂಸಿನ ಸಲುವಾಗಿ ನಾ ಕಾಲು ಕಡಕೋಬೇಕೇನು?"

ನಾನು ಸೀಟನ್ನು ಇನ್ನೊಂದು ಬದಿಗೆ ಹಾಕಿಕೊಟ್ಟೆ. ಅವರ ಕಾಲಿಗೆ ಜಾಗವಾಯಿತು, ಆದರೆ ಪಕ್ಕದ ಸೀಟು ಮುಂದಕ್ಕೆ ಹೋಯಿತು. "ಹಂಗಾದ್ರ ನಮ್ಮವ್ವ ಎಲ್ಲಿ ಕೂಡಬೇಕ್ರಿ? ಆಕಿಗೆ ಮುಂದನ ಕೂಡಬೇಕು" ಅಂದರು.

"ಮುಂದೆ ಕೂತರೆ ಅವರ ಮೊಣಕಾಲು ಗದ್ದಕ್ಕೆ ಬರುತ್ತೆ ಸಾರ್" ಅಂದೆ.

ಇದನ್ನು ಕೇಳಿದ್ದೇ ಅವರ ಹೆಂಡತಿ ಒಳಗೆ ಹೋಗಿ, ನನ್ನ ಖಾಲಿ ಡಬ್ಬಿಗೆ ನಾಲ್ಕು ಜೋಳದ ರೊಟ್ಟಿ ತುಂಬಿ ತಂದರು. "ಅಣ್ಣಾರ, ಇದ ಛಲೋ ಆತು ನೋಡ್ರಿ. ಇನ್ನೊಂಚೂರು ಬಿಗೀರಿ."

ಫೋನಿನಲ್ಲಿ ಫಿಟಿಂಗ್

ಷಿಕಾಗೋ ಕಡೆ ಗ್ಲೆಂಡೇಲ್ ಹೈಟ್ಸ್‌ನಲ್ಲಿದ್ದ ಗೆಳೆಯನೊಬ್ಬನಿಗೆ ಫೋನಿನಲ್ಲೇ ಪಾಠ ಹೇಳಿದ್ದೆ. ಅರ್ಧ ಗಂಟೆ ಬಿಟ್ಟು ಅವನದೇ ಫೋನು, ಸಣ್ಣ ದನಿಯಲ್ಲಿ.

"ಸೀಟು ಕೂತಿದೆ ಕಣೋ. ನಾನೂ ಕೂತಿದೀನಿ."

ಹಿಂದಿನ ಸೀಟಿಗೆ ಹತ್ತಿ, ಒಳಗಿಂದ ಬಾಗಿಲು ಎಳೆದುಕೊಂಡು ಬೆಲ್ಟ್ ಬಿಗಿದಿದ್ದಾನೆ. ಚೈಲ್ಡ್ ಲಾಕ್ ಹಾಕಿದ್ದರಿಂದ ಬಾಗಿಲು ಒಳಗಿನಿಂದ ತೆರೆಯುತ್ತಿಲ್ಲ. ಕೀ ಮನೆಯೊಳಗೆ, ಹೆಂಡತಿ ಆಫೀಸಿನಲ್ಲಿ.

"ಮುಂದಿನ ಸೀಟಿಗೆ ದಾಟಿ ಬಾ" ಅಂದೆ.

"ಹೊಟ್ಟೆ ಬಿಡ್ತಿಲ್ಲ."

ಕೊನೆಗೆ ಟಪಾಲು ಹಾಕಲು ಬಂದವನು ಬಾಗಿಲು ತೆಗೆದನಂತೆ. ಮಗು ಎಲ್ಲಿ ಅಂತ ಅವನು ಕೇಳಿದ್ದಕ್ಕೆ "ಜೂನ್‌ನಲ್ಲಿ ಬರುತ್ತೆ" ಅಂದನಂತೆ ನಮ್ಮ ಗೆಳೆಯ.

ನಮ್ಮನೆ ಮಗು

ಮಗಳನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ಹತ್ತು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ನಮ್ಮದೂ ಸಣ್ಣ ಕಾರೇ. ನರ್ಸ್ ಕಾರಿನವರೆಗೂ ಬಂದು ಸೀಟು ಅಲ್ಲಾಡಿಸಿ ನೋಡಿದಳು. ಅದು ಅಲ್ಲಾಡಲಿಲ್ಲ. ನನಗೆ ಟ್ರೈನಿಂಗ್ ಆಗಿದೆ ಎಂದು ಅವಳು ಕೇಳದಿದ್ದರೂ ಹೇಳಿದೆ.

ಅತ್ತೆ ಮಗುವನ್ನು ತಂದು ಸೀಟಿನಲ್ಲಿಟ್ಟರು. ತಮ್ಮ ಹಳೇ ಹತ್ತಿ ಸೀರೆಯಲ್ಲಿ ಕುತ್ತಿಗೆಯಿಂದ ಪಾದದವರೆಗೆ ಬಿಗಿಯಾಗಿ ಸುತ್ತಿದ್ದರು. ಬೆಲ್ಟಿನ ಒಂದು ಪಟ್ಟಿ ಮಗುವಿನ ಕಾಲುಗಳ ನಡುವೆ ಬರಬೇಕು.

"ಕಾಲುಗಳೆಲ್ಲಿ?" ಎಂದು ನರ್ಸ್ ನನ್ನನ್ನೇ ಕೇಳಿದಳು.

ಊರಿಗೆಲ್ಲ ಪಾಠ ಹೇಳಿದವನು ಮನೆಯಲ್ಲಿ ಹೇಳುವುದನ್ನೇ ಮರೆತಿದ್ದೆ. ಬೆಲ್ಟ್ ಹಾಕದೆ ಕಳಿಸುವುದಿಲ್ಲ ಎಂದು ನರ್ಸ್, ಈ ಚಳಿಯಲ್ಲಿ ಸೀರೆ ಬಿಚ್ಚುವುದಿಲ್ಲ ಎಂದು ಅತ್ತೆ. ಕೊನೆಗೆ ಅತ್ತೆಯೇ ಉಪಾಯ ಕಂಡುಕೊಂಡು ಸೀರೆ ಬಿಚ್ಚಿ, ನಾನು ಬೆಲ್ಟ್ ಬಿಗಿದ ಮೇಲೆ ಅದನ್ನೇ ಮೇಲಿಂದ ಹೊದಿಸಿದರು. ನಮ್ಮ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದೂ ಅದನ್ನೇ.

ಹೆಂಡತಿ ಹಿಂದೆ, ಮಗುವಿನ ಪಕ್ಕ. ಅತ್ತೆ ಮುಂದೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಹೈವೇಯಲ್ಲಿ ಎರಡು ಎಕ್ಸಿಟ್ ದಾಟಿದ ಮೇಲೆ ತಣ್ಣಗೆ ಕೇಳಿದರು:

"ಕೆಲಸ ಹೋಗಿ ಎಷ್ಟು ದಿನ ಆಯ್ತು?"

"ಅಮ್ಮ, ಯಾರು ಹೇಳಿದ್ದು ನಿಂಗೆ?" ಹಿಂದಿನಿಂದ ಹೆಂಡತಿ.

"ಡಬ್ಬಿ ಹೇಳ್ತು. ನಾನು ಕಟ್ಟಿದ್ದು ಚಪಾತಿ, ಸಾಯಂಕಾಲ ಬಂದಿದ್ದು ಜೋಳದ ರೊಟ್ಟಿ. ಮತ್ತೆ ಆಫೀಸಿಗೆ ಹೋಗೋರ ಪ್ಯಾಂಟು ಕೂರೋ ಕಡೆ ಸವೆಯುತ್ತೆ. ಇವರದ್ದು ಮೊಣಕಾಲಲ್ಲಿ."

"ಗೊತ್ತಿದ್ದೂ ಸುಮ್ಮನಿದ್ಯಾ?"

"ನಂಗೆ ಗೊತ್ತಿದೆ ಅಂತ ಗೊತ್ತಾಗಿ ನಿನ್ನ ಬಿಪಿ ಏರಿದ್ರೆ?"

ನನಗೆ ನಾಚಿಕೆಯೂ ಆಯಿತು, ತಿಂಗಳುಗಳ ಭಾರ ಇಳಿದು ಹಗುರವೂ ಆಯಿತು. "ತಪ್ಪಾಯ್ತು ಅತ್ತೆ" ಅಂದೆ.

"ಅದಿರಲಿ. ಈ ಸೀಟು ಒಂಚೂರು ಹಿಂದಕ್ಕೆ ಹೋಗಲ್ವಾ?"

"ಇಲ್ಲ ಅತ್ತೆ. ಹಿಂದೆ ಮಗು ಸೀಟಿದೆ. ಅದು ಒಂದಿಂಚೂ ಅಲ್ಲಾಡಲ್ಲ."

ಅತ್ತೆಗೆ ನಂಬಿಕೆ ಬರಲಿಲ್ಲ. ಬೆನ್ನು ಒತ್ತಿ ನೂಕಿದರು, ಕೈ ಹಿಂದಕ್ಕೆ ಹಾಕಿ ಮಗುವಿನ ಸೀಟನ್ನು ಹಿಡಿದು ಎಳೆದರು. ಅದು ಜಪ್ಪಯ್ಯ ಅಂದರೂ ಕದಲಲಿಲ್ಲ. ಮೊಮ್ಮಗಳಿಗೆ ಎಚ್ಚರವೂ ಆಗಲಿಲ್ಲ.

ಅತ್ತೆ ಮತ್ತೆ ಮೊಣಕಾಲು ಅಪ್ಪಿಕೊಂಡು ಕೂತು, ನನ್ನ ಕಡೆ ತಿರುಗಿ ಕೇಳಿದರು: "ಇಷ್ಟು ಚೆನ್ನಾಗಿ ಕೆಲಸ ಮಾಡೋರನ್ನ ಮನೆಗೆ ಕಳಿಸಿದ ಆ ಪುಣ್ಯಾತ್ಮ ಯಾರ್ರೀ? ಅವನನ್ನ ತಂದು ಈ ಸೀಟಲ್ಲಿ ಕೂರಿಸಬೇಕು."