ಅಣ್ಣನ ಕಾರಿಗೆ ಎರಡು ಕ್ರ್ಯಾಂಕು

ಬದುಕಿರುವವರಿಗಿಂತ ಸತ್ತವರಿಗೆ ಮೋಸ ಮಾಡುವುದು ಸುಲಭ ಎಂದು ನಾನು ನಂಬಿದ್ದೆ. ಅವರು ಎದುರು ಮಾತಾಡುವುದಿಲ್ಲವಲ್ಲ. ಈ ನಂಬಿಕೆ ಹೇಗೆ ಹೋಯಿತೆಂದು ಹೇಳುತ್ತೇನೆ, ಅತ್ತಿಗೆಗೆ ಮಾತ್ರ ಹೇಳಬೇಡಿ.

ತೀರಿಹೋದ ಅಣ್ಣನ ಹಳೆಯ ಕಾರನ್ನು ಈಗ ಓಡಿಸುವವನು ನಾನು. ಅದು ಹೊಗೆ ಉಗುಳತೊಡಗಿದಾಗ ಪುತ್ತೂರಿನ ಮೆಕ್ಯಾನಿಕ್ ಹಮೀದ್ ಎಂಜಿನ್ ಬಿಚ್ಚಿ ಕೇಳಿದ: "ಎಂಜಿನ್ ಇದ್ದ ಸೈಜಲ್ಲೇ ಕಟ್ಟುದಾ, ಅಲ್ಲ ಉದ್ದ ಸ್ಟ್ರೋಕಿನ ಕ್ರ್ಯಾಂಕ್, ಒಳಗೆ ತಿರುಗುವ ಆ ಕಬ್ಬಿಣದ ದಂಡ, ಹಾಕಿ ದೊಡ್ಡದು ಮಾಡುದಾ? ಸಂಪಾಜೆ ಘಾಟಿ ಮೂರನೇ ಗೇರಲ್ಲಿ ಹತ್ತುತ್ತದೆ ಮಾರಾಯ್ರೆ. ಆದ್ರೆ ಬ್ಲಾಕನ್ನು ಒಳಗಿಂದ ಗ್ರೈಂಡ್ ಮಾಡ್ಬೇಕು. ಮತ್ತೆ ಹಳೇದು ಬೇಕೆಂದ್ರೆ ಇಲ್ಲ. ಶಬ್ದವೂ ಬೇರೆ."

ನನಗೆ ದೊಡ್ಡದೇ ಬೇಕಿತ್ತು. ಪಂಜದ ದಾರಿಯಲ್ಲಿ ರಬ್ಬರ್ ಹೇರಿಕೊಂಡ ಪಿಕಪ್ಪುಗಳೂ ನನ್ನನ್ನು ಹಿಂದೆ ಹಾಕುತ್ತಿದ್ದವು. ಐವತ್ತು ದಾಟಿದವನಿಗೆ ಇದು ಸಣ್ಣ ಅವಮಾನವೇ? ಆದರೆ ಆ ಕಾರು ಅಂಗಳಕ್ಕೆ ತಿರುಗಿದಾಗಲೆಲ್ಲ ಅತ್ತಿಗೆ ಕೈಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾರೆ. ಹಮೀದ್ ಹೇಳಿದ್ದನ್ನು ತಿಳಿಸಿದಾಗ, "ಆ ಶಬ್ದ ಅವರದ್ದೇ ಅಲ್ವಾ. ಅದೂ ಹೋದ್ರೆ ನನಗೆ ಎಂತ ಉಂಟು?" ಎಂದರು. ಕೇಳಿ ಸಂಕಟವಾಯಿತು. ಆಸೆ ಮಾತ್ರ ಹೋಗಲಿಲ್ಲ.

"ಅಣ್ಣನನ್ನೇ ಕೇಳುವ" ಎಂದೆ. ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವುದು ನಮ್ಮ ಕ್ರಮ. ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಹಾಕಿ ಹೊರಗೆ ಕೂರುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ, ಬರುತ್ತಿದ್ದೇವೆಂದು ಅವರಿಗೆ ತಿಳಿಯಲು ಕೆಮ್ಮಿ ತೆರೆಯುತ್ತೇವೆ. ಈ ಸಲ ಕೋಳಿಸಾರು, ರೊಟ್ಟಿಯ ಪಕ್ಕದಲ್ಲಿ ಹಮೀದನಿಂದ ತಂದ ಎರಡು ಕ್ರ್ಯಾಂಕುಗಳನ್ನೂ ಇಟ್ಟೆವು, ಹಳೆಯದು ಮತ್ತು ಉದ್ದದ್ದು. ಅಣ್ಣ ಮುಟ್ಟಿದ್ದೇ ಎಂಜಿನಿಗೆ ಎಂದು ಮಾತಾಯಿತು. ಅತ್ತಿಗೆ ಹೊರಗೆ ಹೋದದ್ದೇ ತಡ, ನಾನು ಒಂದು ಬೆರಳನ್ನು ಸಾರಿನಲ್ಲಿ ಅದ್ದಿ ಉದ್ದದ್ದರ ಮೇಲೆ ಒತ್ತಿದೆ.

ಚಿಲಕ ಹಾಕಿ ಇಬ್ಬರೂ ಜಗಲಿಯಲ್ಲಿ ಕುಳಿತೆವು. ಆ ಕೋಣೆಗೆ ಬೇರೆ ಬಾಗಿಲಿಲ್ಲ. ಒಳಗೆ ಕಬ್ಬಿಣ ಮೆಲ್ಲನೆ ನೆಲಕ್ಕೆ ಉಜ್ಜಿದ ಶಬ್ದ ಕೇಳಿತು.

"ಬೆಕ್ಕು" ಎಂದೆ.

"ನಮ್ಮಲ್ಲಿ ಬೆಕ್ಕು ಎಲ್ಲಿ ಉಂಟು?" ಎಂದರು ಅತ್ತಿಗೆ.

ನಾನು ಬಾಗಿಲಿನಿಂದ ಸ್ವಲ್ಪ ದೂರ ಸರಿದು ಕೂತೆ. ಅತ್ತಿಗೆಯೇ ಕೆಮ್ಮಿ ಚಿಲಕ ತೆಗೆದರು.

ಉದ್ದದ ಕ್ರ್ಯಾಂಕು ಒರೆಸಿಟ್ಟಂತೆ ಹೊಳೆಯುತ್ತಿತ್ತು. ಹಳೆಯದರ ಮೇಲೆ ಸಾರಿನ ಐದು ಬೆರಳಿನ ಗುರುತು, ಇನ್ನೂ ಹಸಿ.

ಅತ್ತಿಗೆ ಕಣ್ಣೊರೆಸಿಕೊಂಡರು. "ನೋಡಿದ್ಯಾ, ಅವರಿಗೆ ಹಳೇದೇ ಸಾಕಂತೆ. ನಿನಗೆ ಎಂತಾದ್ರೂ ಹೇಳ್ಲಿಕ್ಕುಂಟಾ?"

ಬೇಕಾದಷ್ಟಿತ್ತು. ಗುರುತು ಇದ್ದದ್ದು ಹಳೆಯದರ ಮೇಲಲ್ಲ, ಉದ್ದದ್ದರ ಮೇಲೆ ಎಂದು ಕೂಗಬೇಕೆನಿಸಿತು. ಆದರೆ ಹಾಗೆ ಹೇಳಲು ಅದನ್ನು ಒತ್ತಿದವನು ಯಾರೆಂದೂ ಹೇಳಬೇಕಲ್ಲ! "ಇಲ್ಲ ಅತ್ತಿಗೆ" ಎಂದು, ಕೈಯನ್ನು ಪಂಚೆಯೊಳಗೆ ಅಡಗಿಸಿಕೊಂಡೆ.